ಹನ್ನೊಂದು ಕಿಂಡಿಯ ನೋಟ್‌ಬುಕ್ಕು: ತಪಕೀರ್ ಗಲ್ಲಿಯಲ್ಲೊಂದು ಸಂದರ್ಶನ

ನೋಟ್‌ಬುಕ್ ಕಂಪ್ಯೂಟರ್ ಎಂಬುದು ಮಡಚಿದರೆ ಪುಸ್ತಕದಂತೆ ಕಾಣುವ, ಬಿಡಿಸಿದರೆ ಪಾಸ್‌ವರ್ಡ್ ಕೇಳುವ ಯಂತ್ರ. ಹೆಸರು ಕಾಗದದ ನೋಟ್‌ಬುಕ್ಕಿನಿಂದ ಎರವಲು ಬಂದದ್ದು. ಪುಣೆಯಲ್ಲಿ ಎರಡರ ನಡುವೆ ಹತ್ತು ನಿಮಿಷದ ದಾರಿ. ಅಪ್ಪಾ ಬಳವಂತ ಚೌಕದಲ್ಲಿ ನೋಟ್‌ಬುಕ್ ಕೇಳಿದರೆ ಇನ್ನೂರು ಪುಟದ ಗೆರೆ ಹಾಳೆಯದು ಕೈಗೆ ಬರುತ್ತದೆ. ಅಲ್ಲಿಂದ ಬುಧವಾರ ಪೇಟೆಯ ತಪಕೀರ್ ಗಲ್ಲಿಗೆ ಹೊರಳಿದರೆ ಇನ್ನೊಂದು ಬಗೆಯ ನೋಟ್‌ಬುಕ್ಕಿನ ಅಂಗಾಂಗಗಳು ಸಿಗುತ್ತವೆ. ತಪಕೀರು ಎಂದರೆ ನಶ್ಯ. ಧಾರವಾಡದವರಿಗೆ ಅರ್ಥ ಬಿಡಿಸಿ ಹೇಳಬೇಕಿಲ್ಲ. ಈಗ ಆ ಗಲ್ಲಿಯಲ್ಲಿ ಮಾರಾಟವಾಗುವುದು ವೈರು, ಬಲ್ಬು, ಅಡಾಪ್ಟರು. ಸೀನು ಮಾತ್ರ ಧೂಳಿನಿಂದ ಇವತ್ತಿಗೂ ಬರುತ್ತದೆ.

ಸಂದರ್ಶನಕ್ಕೆ ಒಪ್ಪಿದ ನೋಟ್‌ಬುಕ್ಕು 2011ರಲ್ಲಿ ಕೊಂಡದ್ದು, 14 ಇಂಚಿನ ಪರದೆಯದು, ಎರಡು ಕಿಲೋಗೆ ಮೇಲೆ ತೂಗುತ್ತದೆ. ಕಂಪನಿಯ ಹೆಸರು ಅಚ್ಚಾಗಿದ್ದ ಜಾಗ ಅಂಗೈ ಉಜ್ಜಿ ಉಜ್ಜಿ ಅಳಿಸಿಹೋಗಿದೆ. ಯಜಮಾನರು ಧಾರವಾಡದವರು, ನೌಕರಿ ಹಿಂಜವಡಿಯಲ್ಲಿ, ಮನೆ ಕೋಥರೂಡದಲ್ಲಿ. ಆದ್ದರಿಂದ ನೋಟ್‌ಬುಕ್ಕಿನ ಮಾತೂ ಆ ಕಡೆಯದೇ. ಮುಚ್ಚಳದ ಮೇಲೆ ದುರಸ್ತಿ ಅಂಗಡಿಯ ಚೀಟಿ: ‘ವಾಯ್‌ಫಾಯ್ ಚಾಲತ್ ನಾಹೀ’, ಅಂದರೆ ವಾಯ್‌ಫೈ ನಡೆಯುತ್ತಿಲ್ಲ. ಅಂಗಡಿಯ ಹೊರಗೆ ಇನ್ನೊಂದು ಫಲಕ: ‘ದುಪಾರಿ 1 ತೇ 4 ದುಕಾನ್ ಬಂದ್ ರಾಹೀಲ’. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಶಟರ್ ಬಡಿದವರಿಗೆ ಸಂಜೆಯೂ ತೆರೆಯುವುದಿಲ್ಲ ಎಂಬ ಎಚ್ಚರಿಕೆ. ಮಾಲೀಕರು ಊಟ ಮುಗಿಸಿ ಒಳಗಿನ ಬೆಂಚಿನ ಮೇಲೆ ಅಡ್ಡಾಗಿದ್ದರು. ಸಂದರ್ಶಕನಿಗೂ ನೋಟ್‌ಬುಕ್ಕಿಗೂ ಮೂರು ತಾಸು ಪುರಸೊತ್ತು ಸಿಕ್ಕಿದ್ದು ಹಾಗೆ.

ಮೊದಲ ಪ್ರಶ್ನೆ ಮೈಮೇಲಿನ ಕಿಂಡಿಗಳದ್ದು. ನೋಟ್‌ಬುಕ್ಕು ಎಡದಿಂದ ಎಣಿಸಿತು: ಚಾರ್ಜರು, ಲ್ಯಾನ್, ವಿಜಿಎ, ಮೂರು ಯುಎಸ್‌ಬಿ, ಇಯರ್‌ಫೋನು, ಮೈಕು, ಎಸ್‌ಡಿ ಕಾರ್ಡು, ಎಕ್ಸ್‌ಪ್ರೆಸ್‌ಕಾರ್ಡು, ಬೀಗ. ಒಟ್ಟು ಹನ್ನೊಂದು. ಇವುಗಳಲ್ಲಿ ಬಳಕೆಯಲ್ಲಿ ಎಷ್ಟು?

“ಮೂರು. ಚಾರ್ಜರು, ಇಯರ್‌ಫೋನು, ಒಂದ ಯುಎಸ್‌ಬಿ. ಉಳದದ್ದರಾಗ ಧೂಳಿ ಸಂಸಾರ ಹೂಡೈತಿ. ಬೀಗದ ಕಿಂಡಿ ಗಾಳಿ ಆಡ್ಲಿಕ್ಕೆ ಬಿಟ್ಟಾರಂತ ಯಜಮಾನ್ರು ಇವತ್ತಿಗೂ ತಿಳಕೊಂಡಾರ.”

ಬಳಸುವ ಒಂದು ಯುಎಸ್‌ಬಿಯದ್ದೂ ಒಂದು ಕಥೆಯೇ. ಮೂರರಲ್ಲಿ ಎರಡರ ನಾಲಿಗೆ ಕಪ್ಪು, ಒಂದರದ್ದು ನೀಲಿ. ಕಪ್ಪು ಎಂದರೆ ಸಾಮಾನ್ಯವಾಗಿ ಯುಎಸ್‌ಬಿ 2.0: ಸೆಕೆಂಡಿಗೆ ಹೆಚ್ಚೆಂದರೆ 480 ಮೆಗಾಬಿಟ್. ನೀಲಿ ಎಂದರೆ 2008ರಲ್ಲಿ ಬಂದ 3.0: ಕಾಗದದ ಮೇಲೆ 5 ಗಿಗಾಬಿಟ್, ಹತ್ತು ಪಟ್ಟು. ಪೆನ್‌ಡ್ರೈವೂ 3.0ರದ್ದಾಗಿದ್ದರೆ ಮಾತ್ರ ಈ ಲೆಕ್ಕ. ಯಜಮಾನರ ಬಲಗೈಗೆ ಹತ್ತಿರವಿರುವುದು ಕಪ್ಪು ಕಿಂಡಿ. ತಮ್ಮನ ಮದುವೆಯ ವಿಡಿಯೊ ಅದರಲ್ಲೇ ಕಾಪಿಯಾಗುತ್ತಿದ್ದು, ಧಾರವಾಡದ ಬಸ್ಸು ಸ್ವಾರಗೇಟ್ ಬಿಡುವ ಹೊತ್ತಿಗೆ ಮನೆಯಲ್ಲಿ ಹಸಿರು ಗೆರೆ ಇನ್ನೂ ಅರ್ಧಕ್ಕೆ ನಿಂತಿತ್ತು. ನೀಲಿ ಕಿಂಡಿ ಎಡಗಡೆ ಗೇಣುದ್ದ ದೂರದಲ್ಲಿತ್ತು.

ಲ್ಯಾನ್ ಕಿಂಡಿಯ ವಿಷಯ ಬಂದಾಗ ನೋಟ್‌ಬುಕ್ಕು ಚೀಟಿಯ ಕಡೆ ನೋಡಿತು. “ವಾಯ್‌ಫೈ ಇಲ್ಲಾಂತ ನಾಕ ದಿನ ಒದ್ದಾಡ್ಯಾರ. ರೌಟರು ಅದ ಟೇಬಲ್ ಮ್ಯಾಲ ಐತಿ. ಅದರ ಜೋಡಿ ಬಂದ ಹಳದಿ ಕೇಬಲ್ಲು ಪೆಟ್ಟಿಗ್ಯಾಗ ಸುತ್ತಿದಂಗ ಐತಿ. ಹಚ್ಚಿದ್ರ ಮುಗೀತಿತ್ತು.”

ವಿಜಿಎ 1987ರ ಸಂತಾನ. ಹದಿನೈದು ಸೂಜಿ, ಎರಡು ಕಡೆ ತಿರುಪು. ಹೊಸ ಯಂತ್ರಗಳಲ್ಲಿ ಇದು ನಿಂತುಹೋಗಿದೆ, ಸಭಾಂಗಣಗಳ ಚಾವಣಿಗೆ ತೂಗುಹಾಕಿದ ಪ್ರೊಜೆಕ್ಟರುಗಳಲ್ಲಿ ನಿಂತಿಲ್ಲ. ಒಂದು ರಾಜ್ಯೋತ್ಸವದ ಸಂಜೆ ನಾಲ್ಕು ಹೊಸ ಲ್ಯಾಪ್‌ಟಾಪುಗಳು ವೇದಿಕೆಯ ಪಕ್ಕ ಸಾಲಾಗಿ ನಿಂತು, ಕಿಂಡಿ ಹೊಂದದೆ ಒಂದೊಂದಾಗಿ ಹಿಂದೆ ಸರಿದವು. ಕೊನೆಗೆ ಚೀಲದ ತಳದಿಂದ ಈ ಹಳೆಯ ನೋಟ್‌ಬುಕ್ಕನ್ನು ತೆಗೆದರು. ಅಧ್ಯಕ್ಷರ ಸ್ಲೈಡುಗಳು ನೀಲಿ ಛಾಯೆಯಲ್ಲಿ ಮೂಡಿದ್ದು ಒಂದು ಸೂಜಿ ಬಾಗಿದ್ದರಿಂದ. ಸಭಿಕರು ಅದನ್ನು ವಿನ್ಯಾಸವೆಂದೇ ತಿಳಿದರು.

ಕೀಬೋರ್ಡಿನ ಬಗ್ಗೆ ದೂರು ಇದೆಯೇ ಎಂದು ಸಂದರ್ಶಕ ಕೇಳಿದ. ಸಣ್ಣ ಯಂತ್ರಗಳಲ್ಲಿ ಅಂಕಿಗಳಿಗೆ ಬೇರೆ ಜಾಗವಿರುವುದಿಲ್ಲ. ನಮ್‌ಲಾಕ್ ಒತ್ತಿದರೆ ಬಲಗೈ ಕೆಳಗಿನ ಅಕ್ಷರಗಳೇ ಅಂಕಿಗಳಾಗುತ್ತವೆ. ಜೆ-ಕೆ-ಎಲ್ ಎಂದರೆ 1-2-3, ಎಂ ಎಂದರೆ 0. ಒಂದು ರಾತ್ರಿ ಯಜಮಾನರು ನುಡಿ ತಂತ್ರಾಂಶದಲ್ಲಿ ‘ಕಮಲ’ ಎಂದು ಬರೆಯಹೋದರು. ತೆರೆಯ ಮೇಲೆ 203 ಎಂದು ಬಂತು. ಅಳಿಸಿ ಬರೆದರು, ಮತ್ತೆ 203. ನುಡಿಯನ್ನು ಕಿತ್ತು ಮತ್ತೆ ಹಾಕಿದರು, ಕಂಪ್ಯೂಟರಿಗೆ ವೈರಸ್ ಬಂತೆಂದು ಧಾರವಾಡಕ್ಕೆ ಫೋನ್ ಮಾಡಿದರು. ಅಷ್ಟೂ ಹೊತ್ತು ನಮ್‌ಲಾಕಿನ ಪುಟ್ಟ ಹಸಿರು ದೀಪ ಉರಿಯುತ್ತಲೇ ಇತ್ತು.

ಮುಂದಿನ ಪ್ರಶ್ನೆಗಳು ಹೊಟ್ಟೆಯೊಳಗಿನವು. ಈ ಯಂತ್ರದ ಅಡಿಯಲ್ಲಿ ಒಂದೇ ಸ್ಕ್ರೂವಿನ ಮುಚ್ಚಳವಿದೆ. ತೆಗೆದರೆ ರ‍್ಯಾಮ್ ಕೂರುವ ಎರಡು ಪಟ್ಟಿ. ಕಾರ್ಖಾನೆಯಿಂದ ಬರುವಾಗ ಒಂದರಲ್ಲಿ 4 ಗಿಗಾಬೈಟ್ ಇತ್ತು, ಇನ್ನೊಂದು ಖಾಲಿ. ಸೇರಿಸುವ ವಿಧಾನ ಕಷ್ಟದ್ದಲ್ಲ. ಚಾರ್ಜರು ಕಿತ್ತು, ಬ್ಯಾಟರಿ ತೆಗೆದು, ಕೈಯನ್ನೊಮ್ಮೆ ಮಣ್ಣಿಗೆ ತಾಗಿದ ಲೋಹಕ್ಕೆ ಮುಟ್ಟಿಸಿ, ಹಲಗೆಯನ್ನು ಓರೆಯಾಗಿ ತುರುಕಿ ಕೆಳಕ್ಕೆ ಅದುಮಬೇಕು. ಎರಡು ಬದಿಯ ಕೊಕ್ಕೆ ‘ಟಕ್’ ಎಂದರೆ ಕೂತಿತೆಂದು ಅರ್ಥ. ಈ ಯಂತ್ರಕ್ಕೆ ಬೇಕಾದದ್ದು 204 ಕಾಲಿನ ಡಿಡಿಆರ್3. ಡಿಡಿಆರ್4ಕ್ಕೆ 260 ಕಾಲು, ನಡುವಿನ ಸೀಳು ಬೇರೆ ಕಡೆ. ಹೊಂದಿಲ್ಲವೆಂದರೆ ಸುತ್ತಿಗೆ ಹುಡುಕಬಾರದು.

“ಎಂಟು ವರ್ಷ ‘ಸ್ಲೋ ಆತು, ಸ್ಲೋ ಆತು’ ಅಂತ ಬೈಸ್ಕೊಂಡೇನ್ರಿ,” ಎಂದಿತು ನೋಟ್‌ಬುಕ್ಕು. “ಒಳಗ ಖಾಲಿ ಕುರ್ಚಿ ಇತ್ತು. ಯಾರಾದ್ರೂ ಕೂಡಸ್ಬೇಕಿತ್ತು.”

ನಿಧಾನಕ್ಕೆ ಇನ್ನೊಂದು ಕಾರಣ ಹಾರ್ಡ್‌ಡಿಸ್ಕ್. ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆ, ಅದರ ಮೇಲೆ ಓಡಾಡುವ ಮುಳ್ಳು. ಅದೇ ಜಾಗಕ್ಕೆ ಎರಡೂವರೆ ಇಂಚಿನ ಎಸ್‌ಎಸ್‌ಡಿ ಕೂರುತ್ತದೆ, ತಿರುಗುವುದು ಏನೂ ಇಲ್ಲ. ಹಳೆಯ ಯಂತ್ರಕ್ಕೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ ಎಂಬುದರಲ್ಲಿ ಗಲ್ಲಿಯ ಎಲ್ಲ ಅಂಗಡಿಯವರಿಗೂ ಒಮ್ಮತ. ಪುಣೆಯಲ್ಲಿ ಒಮ್ಮತವೇ ಅಪರೂಪ. ತೆಗೆದ ಹಾರ್ಡ್‌ಡಿಸ್ಕನ್ನು ಎಸೆಯಬೇಕಿಲ್ಲ. ಡಿವಿಡಿ ಡ್ರೈವನ್ನು ಹೊರಗೆಳೆದು, ಅದೇ ಅಳತೆಯ ಕ್ಯಾಡಿಯಲ್ಲಿ ಹಳೆಯ ಡಿಸ್ಕ್ ಕೂರಿಸಿ ಒಳಗೆ ತಳ್ಳಬಹುದು. ಕ್ಯಾಡಿ ಕೊಳ್ಳುವ ಮುಂಚೆ ದಪ್ಪ ಅಳೆಯಬೇಕು: 12.7 ಮಿಲಿಮೀಟರಿನದೂ ಇದೆ, 9.5ರದ್ದೂ ಇದೆ. ಈ ಯಂತ್ರದ ಡಿವಿಡಿ ಡ್ರೈವಿನಲ್ಲಿ 2014ರಿಂದ ಒಂದು ಯೋಗಾಸನದ ಸಿಡಿ ಶವಾಸನದಲ್ಲಿದೆ.

ಎಕ್ಸ್‌ಪ್ರೆಸ್‌ಕಾರ್ಡಿನ ಕಿಂಡಿಯಲ್ಲಿ ಒಂದು ಕಾರ್ಡು ಇತ್ತು. ಸಂದರ್ಶಕ ಒತ್ತಿದ, ಅದು ಹೊರಗೆ ಬಂತು. ಬರೀ ಪ್ಲಾಸ್ಟಿಕ್ಕು, ಧೂಳು ತಡೆಯಲು ಕಾರ್ಖಾನೆಯವರು ಇಟ್ಟ ಡಮ್ಮಿ. “ಯಜಮಾನ್ರು ಅದನ್ನ ಗ್ರಾಫಿಕ್ಸ್ ಕಾರ್ಡು ಅಂತ ದೋಸ್ತರಿಗೆ ತೋರಿಸ್ತಿದ್ರು,” ಎಂದು ನೋಟ್‌ಬುಕ್ಕು ದನಿ ತಗ್ಗಿಸಿತು. ಈ ವಂಶದ ಮೂಲಪುರುಷ 1989ರಲ್ಲಿ ಒಂದು ಉದ್ಯಮಸಂಘ ರೂಪಿಸಲು ಹೊರಟ ಪಿಸಿಎಂಸಿಐಎ ಕಾರ್ಡು. ಅಳತೆ 85.6 x 54 ಮಿಲಿಮೀಟರು, ಎಟಿಎಂ ಕಾರ್ಡಿನಷ್ಟೇ ಉದ್ದಗಲ, ದಪ್ಪ ಮಾತ್ರ ಜಾಸ್ತಿ. ಮೋಡೆಮ್ಮು, ಲ್ಯಾನು, ನೆನಪು ಎಲ್ಲ ಅದರ ರೂಪದಲ್ಲಿ ಒಳಗೆ ಬರುತ್ತಿದ್ದವು. 2003ರಲ್ಲಿ ಎಕ್ಸ್‌ಪ್ರೆಸ್‌ಕಾರ್ಡ್ ಬಂತು; ಯುಎಸ್‌ಬಿ ಎಲ್ಲವನ್ನೂ ನುಂಗಿದ ಮೇಲೆ ಅದೂ ಹೋಯಿತು.

ಹಾಗಾದರೆ ಒಂದು ಕಾರ್ಡು ತುರುಕುವುದರಿಂದ ಯಾರಿಗಾದರೂ ಏನಾದರೂ ಆಗಿದ್ದುಂಟೆ ಎಂದು ಸಂದರ್ಶಕ ಕೆಣಕಿದ. ನೋಟ್‌ಬುಕ್ಕಿನ ಫ್ಯಾನು ಜೋರಾಯಿತು.

“ನೀವು ಕನ್ನಡದಾಗ ಟೈಪ್ ಮಾಡ್ತೀರಲ್ಲ, ಅದರ ಹಿಂದ ಒಂದು ಕಾರ್ಡ್ ಐತ್ರಿ. ಈ ಊರಿಂದ ಹೊಂಟದ್ದು.”

ಮಾತಿನಲ್ಲಿ ಹುರುಳಿತ್ತು. 1981ರ ಐಬಿಎಂ ಪಿಸಿಯ ಒಳಗೆ ವಿಸ್ತರಣೆಗೆಂದು ಐದು ಸ್ಲಾಟು ಬಿಟ್ಟಿದ್ದರು, ಯಾರು ಬೇಕಾದರೂ ಹಲಗೆ ಮಾಡಿ ಕೂರಿಸಲೆಂದು. ಆ ಯಂತ್ರದ ಪರದೆಗೆ ಭಾರತೀಯ ಅಕ್ಷರ ಯಾವುದೂ ಗೊತ್ತಿರಲಿಲ್ಲ. ಐಐಟಿ ಕಾನ್ಪುರದಲ್ಲಿ ಶುರುವಾದ ಕೆಲಸವನ್ನು 1988ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆ ಮುಂದುವರಿಸಿ ಜಿಸ್ಟ್ ಕಾರ್ಡು ಎಂಬ ಹಲಗೆಯನ್ನು ಹೊರತಂದಿತು. ಸ್ಲಾಟಿನಲ್ಲಿ ಅದನ್ನು ಕೂರಿಸಿದರೆ ಡಾಸ್ ಕಾಲದ ವರ್ಡ್‌ಸ್ಟಾರು, ಡಿಬೇಸು ಮುಂತಾದವು ತಾವು ಇಂಗ್ಲಿಷನ್ನೇ ನಡೆಸುತ್ತಿದ್ದೇವೆಂದು ನಂಬಿಕೊಂಡಿರುವಾಗಲೇ ಪರದೆಯ ಮೇಲೆ ಕನ್ನಡ ಮೂಡುತ್ತಿತ್ತು. ಸಾಫ್ಟ್‌ವೇರಿಗೆ ತಿಳಿಯದಂತೆ ಹಾರ್ಡ್‌ವೇರ್ ಮಾಡಿದ ಉಪಕಾರ ಅದು. ಅದಕ್ಕೆ ಆಧಾರವಾದ ಇಸ್ಕಿ ಸಂಕೇತ 1991ರಲ್ಲಿ ಐಎಸ್ 13194 ಎಂಬ ರಾಷ್ಟ್ರೀಯ ಮಾನಕವಾಯಿತು. ಅದರಲ್ಲಿ ಕನ್ನಡದ ‘ಕ’, ಮರಾಠಿಯ ‘ಕ’, ತಮಿಳಿನ ‘ಕ’ ಮೂರಕ್ಕೂ ಒಂದೇ ಸಂಖ್ಯೆ. ಲಿಪಿ ಬದಲಿಸಿದರೆ ಬರೆದದ್ದೇ ಇನ್ನೊಂದು ಲಿಪಿಯಲ್ಲಿ ನಿಲ್ಲುತ್ತಿತ್ತು. ಇನ್‌ಸ್ಕ್ರಿಪ್ಟ್ ಕೀಬೋರ್ಡಿನಲ್ಲೂ ಮೂರೂ ‘ಕ’ ಒಂದೇ ಕೀಲಿಯ ಮೇಲೆ. ಬೆಳಗಾವಿಯ ಮಟ್ಟಿಗೆ ಸಾಧ್ಯವಾಗದ ಒಪ್ಪಂದ ಒಂದು ಚಿಪ್ಪಿನಲ್ಲಿ ಸಾಧ್ಯವಾಗಿತ್ತು. ಯುನಿಕೋಡಿನಲ್ಲಿ ಭಾರತೀಯ ಲಿಪಿಗಳ ಜೋಡಣೆಯೂ ಇಸ್ಕಿಯ 1988ರ ರೂಪವನ್ನು ಅನುಸರಿಸಿದ್ದು.

ಅಂಥ ಹಲಗೆ ನೋಟ್‌ಬುಕ್ಕಿನ ಹೊಟ್ಟೆಯಲ್ಲಿ ಹಿಡಿಯುತ್ತಿರಲಿಲ್ಲ. ಹಿಡಿಯುವ ಅಗತ್ಯವೂ ಉಳಿಯಲಿಲ್ಲ. ಅದರ ಕೆಲಸ ಫಾಂಟಿಗೂ ಆಪರೇಟಿಂಗ್ ಸಿಸ್ಟಮ್ಮಿಗೂ ಹಂಚಿಹೋಯಿತು. “ನಮ್ಮ ಅಜ್ಜ ಹೊತ್ತ ಹಲಗಿ,” ಎಂದಿತು ನೋಟ್‌ಬುಕ್ಕು. “ನಮಗ ಹೊರೂದು ತಪ್ಪೇತಿ, ನೆನಪು ತಪ್ಪಬಾರದು.”

ಹನ್ನೊಂದರ ಲೆಕ್ಕಕ್ಕೆ ಸೇರದ, ಅಡಿಯ ಡಾಕಿಂಗ್ ಕಿಂಡಿಯ ಬಗ್ಗೆ ಹೇಳಲು ಹೆಚ್ಚಿಲ್ಲ. ಆಫೀಸಿನ ಮೇಜಿನ ಮೇಲೆ ಪೀಠವೊಂದಿರುತ್ತದೆ; ಯಂತ್ರವನ್ನು ಅದರ ಮೇಲೆ ಇಟ್ಟರೆ ದೊಡ್ಡ ಪರದೆ, ಮೌಸು, ಲ್ಯಾನು ಎಲ್ಲ ಒಟ್ಟಿಗೆ ಹತ್ತಿಕೊಳ್ಳುತ್ತವೆ. ಹಿಂಜವಡಿಯಲ್ಲಿ ಇದರ ಪೀಠದ ಮೇಲೆ ಬಹುಕಾಲ ಗಣಪತಿ ಕೂತಿದ್ದ.

ಪಕ್ಕದಲ್ಲೇ ಒಂದು ಹೊಸ ನೋಟ್‌ಬುಕ್ಕು ಮಲಗಿತ್ತು, ಹಪ್ಪಳದಷ್ಟು ತೆಳ್ಳಗೆ. ಎರಡೇ ಕಿಂಡಿ, ಎರಡೂ ಟೈಪ್-ಸಿ. 2014ರಲ್ಲಿ ಬಂದ ಈ ಕಿಂಡಿಗೆ 24 ಕಾಲು, ತಲೆಕೆಳಗಾಗಿ ಚುಚ್ಚಿದರೂ ನಡೆಯುತ್ತದೆ. ಆದರೆ ಒಂದೇ ಮುಖದ ಹಿಂದೆ ಬೇರೆ ಬೇರೆ ಗುಣ: ಒಂದರಲ್ಲಿ ಚಾರ್ಜು ಮಾತ್ರ, ಇನ್ನೊಂದರಲ್ಲಿ ಡೇಟಾ, ಮತ್ತೊಂದರಲ್ಲಿ ಪರದೆಯೂ ಸೇರಿ ಎಲ್ಲ. ಯಾವುದು ಏನು ಎಂಬುದು ಪಕ್ಕದ ಗುರುತು ನೋಡಿಯೋ ಪುಸ್ತಿಕೆ ಓದಿಯೋ ತಿಳಿಯಬೇಕು. ಈ ಸಪೂರ ಕುಲ ಜನರ ಕಣ್ಣಿಗೆ ಬಿದ್ದದ್ದು 2008ರಲ್ಲಿ, ಸ್ಟೀವ್ ಜಾಬ್ಸ್ ಲಕೋಟೆಯಿಂದ ಮ್ಯಾಕ್‌ಬುಕ್ ಏರ್ ಎಳೆದು ತೋರಿಸಿದ ದಿನ. ಅದರಲ್ಲಿ ಲ್ಯಾನ್ ಇರಲಿಲ್ಲ, ಡಿವಿಡಿ ಇರಲಿಲ್ಲ, ಯುಎಸ್‌ಬಿ ಇದ್ದದ್ದು ಒಂದೇ.

“ಅವನ ರ‍್ಯಾಮ್ ಬೋರ್ಡಿಗೆ ಬೆಸದು ಬಿಟ್ಟಾರ. 8 ತಗೊಂಡ್ರ ಸಾಯೂತನಕ 8. ಕೊಳ್ಳೂ ದಿನಾನ ಕುಂಡ್ಲಿ ಬರದಂಗ. ಹಂಗಂತ ಬೈಯೂದಿಲ್ರಿ. ಬೆಸೆಯೂ ಜಾತಿ ರ‍್ಯಾಮು ಕರೆಂಟ್ ಕಡಿಮಿ ತಿಂತೈತಿ, ಜಾಗಾ ಕಡಿಮಿ ಹಿಡಿತೈತಿ. ಅಂವ ಹತ್ತು ತಾಸು ಓಡ್ತಾನ, ನಾ ಚಾರ್ಜರ್ ತೆಗೆದ್ರ ಹತ್ತು ನಿಮಿಷ.”

ಹೊಸದರ ಅಭಿಪ್ರಾಯ ಕೇಳಲಾಯಿತು. ಬಾಯಿ ಬಿಡಲು ಅದಕ್ಕೆ ಹಬ್ ಬೇಕಿತ್ತು. ಹಬ್ಬು ಅದರ ಯಜಮಾನರ ಮನೆಯಲ್ಲಿತ್ತು. ಇದೇ ಕಾಲದಲ್ಲಿ ಎದುರು ಹಾದಿ ಹಿಡಿದವರೂ ಇದ್ದಾರೆ: 2021ರಲ್ಲಿ ಬಂದ ಫ್ರೇಮ್‌ವರ್ಕ್ ಎಂಬ ನೋಟ್‌ಬುಕ್ಕಿನಲ್ಲಿ ಕಿಂಡಿಗಳನ್ನೇ ಬಿಲ್ಲೆಗಳಂತೆ ಕಿತ್ತು ಬದಲಿಸಬಹುದು. ದುರಸ್ತಿಯ ಹಕ್ಕಿನ ಬಗ್ಗೆ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಒಂದು ಸಮಿತಿ ಮಾಡಿತು. ತಪಕೀರ್ ಗಲ್ಲಿ ಆ ಹಕ್ಕನ್ನು ಸಮಿತಿಗೆ ಕಾಯದೆ ಚಲಾಯಿಸುತ್ತ ಬಂದಿದೆ, ಒಂದರಿಂದ ನಾಲ್ಕರವರೆಗೆ ಬಿಟ್ಟು.

ಬ್ಯಾಟರಿಯ ಮಾತು ಅಲ್ಲಿಗೇ ಬಂತು. ಹಳೆಯ ಯಂತ್ರದಲ್ಲಿ ಎರಡು ಚಿಲಕ ಸರಿಸಿದರೆ ಬ್ಯಾಟರಿ ಕೈಗೆ ಬರುತ್ತದೆ. ಹೊಸದು ತಂದು ಕೂರಿಸಲು ಅಂಗಡಿಯೂ ಬೇಡ. ಹೊಸ ಯಂತ್ರಗಳಲ್ಲಿ ಅದು ಒಳಗೆ, ಸ್ಕ್ರೂಗಳ ಹಿಂದೆ, ಕೆಲವದರಲ್ಲಿ ಅಂಟಿನ ಮೇಲೆ.

ಉಳಿದದ್ದು ಚೀಟಿಯ ವಿಷಯ. ವಾಯ್‌ಫೈ ಕೂಡ ಒಂದು ಕಾರ್ಡೇ, ಬೆರಳೆರಡು ಅಗಲದ್ದು. ಕಪ್ಪು ಬಿಳಿ ಎರಡು ತಂತಿ ಅದರಿಂದ ಹೊರಟು ಪರದೆಯ ಅಂಚಿಗೆ ಹೋಗುತ್ತವೆ. 5 ಗಿಗಾಹರ್ಟ್ಸ್ ಬೇಕೆಂದರೆ ಕಾರ್ಡು ಬದಲಿಸಬಹುದು. ಕೆಲವು ಕಂಪನಿಗಳ ಬಯೋಸ್ ಮಾತ್ರ ತಾನು ಒಪ್ಪಿದ ಕಾರ್ಡಿಲ್ಲದೆ ಯಂತ್ರವನ್ನೇ ಎಬ್ಬಿಸುವುದಿಲ್ಲ. ಈ ಯಂತ್ರದ ಕಾರ್ಡು ಕೆಟ್ಟಿದೆಯೇ?

“ಇಲ್ಲ. ಮುಂದಿನ ಅಂಚಿನ್ಯಾಗ, ಬಲಕ್ಕ, ಉಗುರಿನಷ್ಟು ಒಂದು ಸ್ವಿಚ್ ಐತಿ. ಚೀಲದಾಗ ಉಜ್ಜಿ ಆ ಕಡೆ ಸರದೈತಿ.”

ಯಜಮಾನರಿಗೆ ಹೇಳಬೇಕಿತ್ತಲ್ಲ?

“ದೀಪ ಆರಿಸಿ ಹೇಳೇನಿ. ಇನ್ನ ಹೆಂಗ ಹೇಳ್ಲಿ?”

ನಾಲ್ಕು ಹೊಡೆಯಿತು. ಮಾಲೀಕರು ಎದ್ದು ಮುಖ ತೊಳೆದು, ಅರ್ಧ ಚಹಾ ಕುಡಿದು, ಶಟರ್ ಎತ್ತಿದರು. ಚೀಟಿ ಓದಿದರು. ಯಂತ್ರವನ್ನು ತಿರುಗಿಸಿ, ಹೆಬ್ಬೆರಳ ಉಗುರಿನಿಂದ ಸ್ವಿಚ್ಚನ್ನು ಎಡಕ್ಕೆ ತಳ್ಳಿದರು. ನೀಲಿ ದೀಪ ಹತ್ತಿತು. ಡಮ್ಮಿ ಕಾರ್ಡು ಮೇಜಿನ ಮೇಲೆ ಬಿದ್ದಿರುವುದನ್ನು ಕಂಡು ಅದನ್ನೂ ಒಳಗೆ ಒತ್ತಿದರು. ಉಳಿದ ಚಹಾ ಮುಗಿಸಿ ಕೋಥರೂಡಕ್ಕೆ ಫೋನ್ ಹಚ್ಚಿದರು. ಆ ಕಡೆಯಿಂದ ಏನಾಗಿತ್ತೆಂದು ಕೇಳಿರಬೇಕು.

“ಮದರ್‌ಬೋರ್ಡಚಾ ಪ್ರಾಬ್ಲೆಮ್ ಹೋತಾ,” ಎಂದರು ಮಾಲೀಕರು. “ಪಾಚ್‌ಶೇ ರುಪಯೇ.”