ಏನೂ ಮಾಡಲ್ಲ, ಬನ್ನಿ

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಈ ರಾಯರು ಸಿಗುತ್ತಾರೆ. ಸರ್ಕಾರಿ ಕೆಲಸದಿಂದ ನಿವೃತ್ತರು. ಹಟ ಹಿಡಿದು ಲ್ಯಾಬ್ರಡಾರ್ ಮರಿ ತಂದ ಮಗ, ಅದನ್ನು ಅಪ್ಪನ ಸುಪರ್ದಿಗೆ ಒಪ್ಪಿಸಿ ಪುಣೆಗೆ ಹೋಗಿದ್ದಾನೆ. ಗೇಟಿನ ಬಳಿ ಯಾರೇ ಅಳುಕುತ್ತ ನಿಂತರೂ ಒಳಗಿನಿಂದ ಒಂದೇ ಮಾತು: “ಏನೂ ಮಾಡಲ್ಲ, ಬನ್ನಿ!”

ಬಂದವರ ಪ್ಯಾಂಟು ಹರಿದ ಮೇಲೆ: “ನೀವು ಹೆದರಿದ್ರಿ ನೋಡಿ, ಅದಕ್ಕೇ.”

ಬ್ರೂನೋ ಮರಿಯಿದ್ದಾಗ ಕೈ ಕಚ್ಚಿದರೆ ಮನೆಮಂದಿಗೆಲ್ಲ ಮುದ್ದೋ ಮುದ್ದು. ಮರಿಗೆ 28 ಹಾಲುಹಲ್ಲು. ಅವು ಉದುರಿ ಏಳೆಂಟು ತಿಂಗಳ ಹೊತ್ತಿಗೆ 42 ಗಟ್ಟಿ ಹಲ್ಲು. ಹಾಲುಹಲ್ಲಿನ ಕಾಲದಲ್ಲೇ, ಹಲ್ಲು ತಾಗಿದ ಕೂಡಲೆ ಆಟ ನಿಲ್ಲಿಸಿ ಮುಖ ತಿರುಗಿಸಿದ್ದರೆ ಮರಿಗೆ ವಿಷಯ ತಿಳಿಯುತ್ತಿತ್ತು. ಇಲ್ಲಿ ಅಜ್ಜಿ “ಹಚಾ” ಅಂದರು, ರಾಯರು “ನೋ ಬ್ರೂನೋ, ನೋ” ಅಂದರು, ಅವರ ಹೆಂಡತಿ “ಬೇಡ ಕಂದಾ” ಅಂದರು. ಬ್ರೂನೋ ಮೂವರನ್ನೂ ಕೇಳಿಸಿಕೊಂಡು ಸೋಫಾ ಕಡಿದ.

ಅವನು ಗುರ್ ಅಂದರೆ ಮಾತ್ರ ರಾಯರಿಗೆ ಆಗದು. ನೆಂಟರೆದುರು ಅವಮರ್ಯಾದೆ! ಪೇಪರು ಸುತ್ತಿ ಎರಡೇಟು. ಗುರುಗುಟ್ಟುವುದು ನಾಯಿ ಕೊಡುವ ನೋಟಿಸು. ಸರ್ವೀಸಿನುದ್ದಕ್ಕೂ ನೋಟಿಸು ಬರೆದವರಿಗೇ ಇದು ಹೊಳೆಯಲಿಲ್ಲ. ಏಟು ತಿಂದ ಬ್ರೂನೋ ಈಗ ನೋಟಿಸಿಲ್ಲದೆ ನೇರ ಕ್ರಮ ಕೈಗೊಳ್ಳುತ್ತಾನೆ.

ಕೊರಿಯರ್ ಹುಡುಗನ ಮೀನಖಂಡಕ್ಕೆ ಹಲ್ಲು ತಾಗಿದಾಗ ರಾಯರು ಅರಿಶಿನ ತಂದರು. ಅರಿಶಿನಕ್ಕೆ ರೇಬಿಸ್ ಹೆದರುವುದಿಲ್ಲ. ಬರೀ ಗೀರಾದರೂ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಎದುರುಮನೆ ವಕೀಲರು ಕಾಂಪೌಂಡಿನ ಮೇಲಿಂದಲೇ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮನ್ನೂ ದಯಪಾಲಿಸಿದರು: ಸಾಕಿದ ಪ್ರಾಣಿಯ ವಿಷಯದಲ್ಲಿ ನಿರ್ಲಕ್ಷ್ಯ, ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಮರುದಿನವೇ ಟ್ರೇನರ್ ಬಂದ. ನಾಯಿಯನ್ನು ಬಿಟ್ಟು ರಾಯರನ್ನು ವಿಚಾರಿಸಿದ.

“ಕಚ್ಚಿದಾಗ ನೀವೇನ್ ಮಾಡ್ತೀರಿ?”

“ಬಿಸ್ಕತ್ತು ಎಸೀತೀನಿ. ತಕ್ಷಣ ಬಿಟ್ಬಿಡ್ತಾನೆ!”

“ಚೆನ್ನಾಗೇ ಕಲಿಸಿದ್ದೀರಿ ಸಾರ್. ಕಚ್ಚಿದ್ರೆ ಬಿಸ್ಕತ್ತು.”

ಇನ್ನು ಮೇಲೆ ಬೆಲ್ ಆದರೆ ಬ್ರೂನೋ ಚಾಪೆಗೆ ಹೋಗಬೇಕು, ಬಿಸ್ಕತ್ತು ಅಲ್ಲೇ. ಅದು ರೂಢಿಯಾಗುವವರೆಗೆ ಹಗ್ಗ, ಬಾಯಿಗೆ ಬುಟ್ಟಿ, ಗೇಟಿಗೆ ಬೋರ್ಡು. ಬುಟ್ಟಿ ಅಂದಕೂಡಲೆ ರಾಯರ ಕಣ್ಣು ತುಂಬಿತು. ಬೋರ್ಡಿಗೆ ಒಪ್ಪಿದರು, ಒಕ್ಕಣೆ ಮಾತ್ರ ತಮ್ಮದೇ: “ನಾಯಿ ಇದೆ. ತುಂಬಾ ಒಳ್ಳೆಯದು.”

ಸಿಲಿಂಡರ್ ಹುಡುಗ ಅದನ್ನು ಎರಡು ಸಲ ಓದಿ, ಸಿಲಿಂಡರನ್ನು ರಸ್ತೆಯಲ್ಲೇ ಇಳಿಸಿದ.