ಎಲ್ಲ ಕಡೆ ನಮ್ಮೋರೇ

ಕೋಲಾರದ ಕಡೆ ಯಾರದೇ ಬ್ಯಾಂಕ್ ಖಾತೆಯಿಂದ ದುಡ್ಡು ಹಾರಿಹೋದರೂ ಪೊಲೀಸರಿಗಿಂತ ಮೊದಲು, ಬ್ಯಾಂಕಿನವರಿಗಿಂತ ಮೊದಲು ಸುದ್ದಿ ಮುಟ್ಟುವುದು ಒಬ್ಬರಿಗೆ. ಮಾಲೂರಿನಲ್ಲಾದರೆ ಅವರು ಸಬ್‌ರಿಜಿಸ್ಟ್ರಾರ್ ಕಚೇರಿ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಸಿಗುತ್ತಾರೆ. ಕೋಲಾರದಲ್ಲಾದರೆ ಎಪಿಎಂಸಿಯ ಟೊಮೆಟೊ ಬಾಕ್ಸುಗಳ ನಡುವೆ, ಮುಳಬಾಗಿಲಿನಲ್ಲಿ ದೋಸೆ ಹೋಟೆಲಿನ ಗಲ್ಲಾ ಪಕ್ಕ, ಶ್ರೀನಿವಾಸಪುರದಲ್ಲಿ ಮಾವಿನ ಮಂಡಿಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ. ಹೆಸರು ಊರಿಗೊಂದು, ಆಸಾಮಿ ಒಂದೇ. ಇಲ್ಲಿ ಅವರನ್ನು ಗೊತ್ತಪ್ಪನವರು ಎಂದು ಕರೆಯೋಣ.

ಗರಿಗರಿ ಬಿಳಿ ಶರ್ಟು. ಜೇಬಿನಲ್ಲಿ ಎರಡು ಫೋನು. ಕಂಕುಳಲ್ಲಿ ರೆಕ್ಸಿನ್ ಬ್ಯಾಗು, ಅದರೊಳಗೆ ಊರಿನವರೆಲ್ಲರ ಆಧಾರ್ ಜೆರಾಕ್ಸು. ಕಸುಬು ಏನೆಂದು ಕೇಳಿದರೆ ‘ಸೋಷಿಯಲ್ ವರ್ಕು’ ಎನ್ನುತ್ತಾರೆ. ಚುನಾವಣೆ ಬಂದಾಗ ಕುರುಡುಮಲೆ ಗಣಪನಿಗೆ ಪೂಜೆ ಮಾಡಿಸಿ ಪ್ರಚಾರಕ್ಕೆ ಇಳಿಯುವ ನಾಯಕರ ಫೋಟೊಗಳಲ್ಲಿ, ಹಿಂದಿನ ಸಾಲಿನಲ್ಲಿ, ಯಾರದೋ ಭುಜದ ಮೇಲೆ ಅರ್ಧ ಮುಖ ಕಾಣುತ್ತದಲ್ಲ, ಅದು ಇವರದೇ. ಉಳಿದ ಅರ್ಧ ಮುಖ ಯಾವ ಪಕ್ಷದಲ್ಲಿದೆಯೋ ಹೇಳಲು ಬಾರದು.

ಟೇಕಲ್ ಕಡೆಯ ಅಜ್ಜಿಯೊಬ್ಬರ ಪ್ರಕರಣ ಇವರ ಕೈಗೆ ಬಂತು ಎಂದಿಟ್ಟುಕೊಳ್ಳಿ. ಡೈರಿಗೆ ಹಾಲು ಹಾಕಿದ ದುಡ್ಡು ಖಾತೆಗೆ ಬೀಳುತ್ತದೆ. ಅಜ್ಜಿಯ ಹತ್ತಿರ ಎಟಿಎಂ ಕಾರ್ಡಿಲ್ಲ, ಫೋನ್‌ಪೇ ಇಲ್ಲ, ಇರುವುದು ಬಟನ್ ಫೋನು. ಬೆಳಗ್ಗೆ ಕರೆದ ಹಾಲು ಡೈರಿಗೆ ಹಾಕಿ ಬರುವಷ್ಟರಲ್ಲಿ ಮೆಸೇಜು: 10,000 ರೂಪಾಯಿ ಡ್ರಾ ಆಗಿದೆ.

‘ಓಟಿಪಿ ಯಾರಿಗಜ್ಜಿ ಹೇಳ್ದೆ?’ ಗೊತ್ತಪ್ಪನವರ ಮೊದಲ ಪ್ರಶ್ನೆ.

‘ಅದ್ಯಾವುದಪ್ಪಾ?’

‘ಹೇಳಿರ್ತೀಯ, ಮರ್ತಿದೀಯ ಅಷ್ಟೆ. ಇರ್ಲಿ ಬಿಡು, ಬ್ಯಾಂಕಲ್ಲಿ ನಮ್ಮೋರಿದಾರೆ.’

ಅಜ್ಜಿ ಮರೆತಿರಲಿಲ್ಲ. ಆಧಾರ್ ಮೂಲಕ ದುಡ್ಡು ತೆಗೆಯುವ ಎಇಪಿಎಸ್ ವ್ಯವಸ್ಥೆಗೆ ಓಟಿಪಿಯೇ ಬೇಡ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಮೂರು ಸೇರಿದರೆ ಹಳ್ಳಿಯ ಬ್ಯಾಂಕ್ ಮಿತ್ರರ ಪುಟ್ಟ ಯಂತ್ರ ಒಂದು ಸಲಕ್ಕೆ 10,000 ರೂಪಾಯಿವರೆಗೆ ಕೊಟ್ಟುಬಿಡುತ್ತದೆ. ಬ್ಯಾಂಕಿನ ಮೆಟ್ಟಿಲು ಹತ್ತಲಾಗದವರಿಗೆ ಅನುಕೂಲವಾಗಲೆಂದು ಮಾಡಿದ್ದು, ಕಳ್ಳರಿಗೂ ಅನುಕೂಲವಾಯಿತು. 2023ರಲ್ಲಿ ಬೆಂಗಳೂರು, ಮಂಗಳೂರು ಕಡೆ ಜಮೀನು, ಸೈಟು ರಿಜಿಸ್ಟರ್ ಮಾಡಿಸಿಕೊಂಡವರ ಖಾತೆಗಳಿಂದಲೇ ಹೀಗೆ ದುಡ್ಡು ಹೋಗತೊಡಗಿದಾಗ ಅನುಮಾನ ನೋಂದಣಿ ಇಲಾಖೆಯ ‘ಕಾವೇರಿ’ ಜಾಲತಾಣದತ್ತ ತಿರುಗಿತು. ಅಲ್ಲಿ ಸಿಗುವ ಕ್ರಯಪತ್ರಗಳ ಪ್ರತಿಯಲ್ಲಿ ಆಧಾರ್ ಸಂಖ್ಯೆಯೂ ಇತ್ತು, ಹೆಬ್ಬೆಟ್ಟೂ ಇತ್ತು. ಅದನ್ನು ನಕಲು ಮಾಡಿ ಸಿಲಿಕಾನ್ ಬೆರಳು ತಯಾರಿಸಿದರೆ ಕೆಲಸ ಮುಗಿಯಿತು. ಆಗ ಕಂದಾಯ ಸಚಿವರಾಗಿದ್ದ ಕೃಷ್ಣ ಬೈರೇಗೌಡರ ಇಲಾಖೆ ಆಮೇಲೆ ಬೆರಳಚ್ಚು ಕಾಣದಂತೆ ಮರೆಮಾಡಲು ಹೊರಟಿತು. ಬೆಂಗಳೂರಿನ ಬಿಸಿಗೆ ಎಕರೆ ಎಕರೆಯೇ ಸೈಟಾಗುತ್ತಿರುವ ಮಾಲೂರಿನಲ್ಲಿ ಹೆಬ್ಬೆಟ್ಟು ಒತ್ತದ ಅಜ್ಜಿ ಎಲ್ಲಿದ್ದಾರೆ?

ಗೊತ್ತಪ್ಪನವರಿಗೆ ಈ ವಿವರ ಬೇಡ. ಅವರದು ಬೇರೆ ಕ್ರಮ. ಮೊದಲು ಟೀ. ಟೀ ಅಂಗಡಿಯಲ್ಲಿ ನಾಲ್ಕು ಜನರಿಗೆ ಕಥೆ ಹೇಳಬೇಕು. ಆಮೇಲೆ ಬ್ಯಾಂಕಿನಲ್ಲಿರುವ ‘ನಮ್ಮೋರಿಗೆ’ ಫೋನು. ಅವರು ಹಿಂದಿನ ವರ್ಷವೇ ರಿಟೈರಾಗಿ ಚಿಂತಾಮಣಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಆಮೇಲೆ ಪೊಲೀಸ್ ಇಲಾಖೆಯ ‘ನಮ್ಮೋರಿಗೆ’ ಫೋನು; ಅವರಿಗೆ ಕೆಜಿಎಫ್‌ಗೆ ವರ್ಗವಾಗಿದೆ, ಅಲ್ಲಿಗೆ ಎಸ್ಪಿಯೇ ಬೇರೆ. ಕೊನೆಗೆ ಶಾಸಕರ ಪಿಎಗೆ ಫೋನು, ಅದು ಬಿಜಿ. ಮಂಡಿಯ ಹತ್ತಿರ ಸಿಕ್ಕವರೊಬ್ಬರು ‘ಎಂತ ಪೋಯಿಂದಿ?’ ಎಂದು ತೆಲುಗಿನಲ್ಲಿ ಕೇಳುತ್ತಾರೆ. ಹತ್ತು ಸಾವಿರ ಎಂದು ಕನ್ನಡದಲ್ಲಿ ಹೇಳಿ, ಕಥೆಯನ್ನು ತೆಲುಗಿನಲ್ಲಿ ಮೊದಲಿನಿಂದ ಶುರುಮಾಡುತ್ತಾರೆ. ಮಧ್ಯಾಹ್ನವಾಯಿತು.

ಇಷ್ಟು ಹೊತ್ತಿನಲ್ಲಿ ಕಳ್ಳನೂ ಸುಮ್ಮನೆ ಕೂತಿರುವುದಿಲ್ಲ. ಖಾತೆಯಿಂದ ಖಾತೆಗೆ ದಾಟಿಸುತ್ತಾನೆ, ಎಟಿಎಂನಲ್ಲಿ ತೆಗೆಯುತ್ತಾನೆ. ಅದಕ್ಕೇ 2021ರಲ್ಲಿ ಕೇಂದ್ರ ಗೃಹ ಇಲಾಖೆ ಸಹಾಯವಾಣಿಯೊಂದನ್ನು ತೆರೆಯಿತು. ಆಗ ಸಂಖ್ಯೆ 155260. ಅಷ್ಟುದ್ದ ಯಾರು ನೆನಪಿಟ್ಟುಕೊಳ್ಳುತ್ತಾರೆ ಅಂದುಕೊಂಡರೋ ಏನೋ, ಈಗ ಅದು 1930. ದೂರು ದಾಖಲಾದರೆ ದುಡ್ಡು ಹೋದ ಬ್ಯಾಂಕಿಗೆ ಸೂಚನೆ ಹೋಗುತ್ತದೆ, ಅಲ್ಲಿಂದ ದುಡ್ಡು ತಲುಪಿದ ಬ್ಯಾಂಕಿಗೆ. ಅಲ್ಲಿ ಇನ್ನೂ ಉಳಿದಿದ್ದರೆ ತಡೆಹಿಡಿಯುತ್ತಾರೆ, ಮುಂದಕ್ಕೆ ಹೋಗಿದ್ದರೆ ಮುಂದಿನ ಬ್ಯಾಂಕಿನ ಬಾಗಿಲು ತಟ್ಟುತ್ತಾರೆ. ಯಾರ ಕಡೆಯವರು, ಯಾವ ಊರಿನ ಗೌಡರ ಮೊಮ್ಮಗ ಎಂದು ಅಲ್ಲಿ ಕೇಳುವುದಿಲ್ಲ. ಗೊತ್ತಪ್ಪನವರಿಗೆ ಹಿಡಿಸದ್ದು ಇದೇ.

ಅಜ್ಜಿಯ ಪುಣ್ಯಕ್ಕೆ ಮೊಮ್ಮಗಳು ಮಾಲೂರಿನಲ್ಲಿ ಡಿಗ್ರಿ ಓದುತ್ತಿದ್ದಾಳೆ. ಕಾಲೇಜಿನಿಂದ ಬಂದವಳೇ ಅಜ್ಜಿಯ ಫೋನು ಕಸಿದುಕೊಂಡು ಮೆಸೇಜು ಓದಿ, ಸಂಖ್ಯೆಗಳನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡಳು. ಖಾತೆ ಸಂಖ್ಯೆ, ಮೊತ್ತ, ದಿನ, ಹೊತ್ತು, ಕೊನೆಗೆ ಮೆಸೇಜಿನಲ್ಲಿದ್ದ 12 ಅಂಕಿಯ ವ್ಯವಹಾರ ಸಂಖ್ಯೆ. ಗೊತ್ತಪ್ಪನವರು ‘ಏಯ್ ಪಾಪಾ, ಸುಮ್ನಿರು, ಪಿಎ ವಾಪಸ್ ಮಾಡ್ತಾರೆ’ ಎನ್ನುತ್ತಿರುವಾಗಲೇ 1930ಕ್ಕೆ ಫೋನು ಹೋಗಿ, ದೂರಿನ ಸಂಖ್ಯೆ ಮೆಸೇಜಾಗಿ ಬಂತು. ಪಿಎ ಇನ್ನೂ ವಾಪಸ್ ಮಾಡಿಲ್ಲ.

ಮಾರನೆಯ ದಿನ ಬ್ಯಾಂಕು. ಇಲ್ಲೂ ಗೊತ್ತಪ್ಪನವರು ಮುಂದೆ, ಅಜ್ಜಿ ಹಿಂದೆ. ಕೌಂಟರಿನ ಹುಡುಗ ‘ಮುಂದಿನ ವಾರ ಬನ್ನಿ’ ಎಂದದ್ದಕ್ಕೆ ಗೊತ್ತಪ್ಪನವರು ಉದಾರವಾಗಿ ‘ಆಯ್ತು ಸಾರ್, ನೀವು ನಮ್ಮೋರೇ ಅಲ್ವಾ’ ಎಂದುಬಿಟ್ಟರು. ಆ ಉದಾರತನದ ಬೆಲೆ ಎಷ್ಟು ಗೊತ್ತೆ? ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಹಾಕಿಕೊಟ್ಟ ಲೆಕ್ಕ ಇದು: ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ, ನಡುವೆ ಇನ್ನೆಲ್ಲೋ ಆದದ್ದು ಎಂದಾದರೆ, ಮೆಸೇಜು ಬಂದ ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದವರಿಗೆ ಒಂದು ಪೈಸೆಯ ಹೊಣೆಯೂ ಇಲ್ಲ. ನಾಲ್ಕರಿಂದ ಏಳನೇ ದಿನಕ್ಕೆ ಜಾರಿದರೆ ಸಾಮಾನ್ಯ ಉಳಿತಾಯ ಖಾತೆಯವರ ತಲೆಗೆ 10,000 ರೂಪಾಯಿವರೆಗೂ ಬರಬಹುದು. ಅಂದರೆ ಅಜ್ಜಿಯ ಹಾಲಿನ ದುಡ್ಡು ಪೂರ್ತಿ. ಏಳು ದಾಟಿದರೆ ಆಯಾ ಬ್ಯಾಂಕಿನ ಕಟ್ಟಳೆ.

ಮೊಮ್ಮಗಳು ಕದಲಲಿಲ್ಲ. ಎರಡು ಪ್ರತಿ ಅರ್ಜಿ ಬರೆದು, ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು, ಸಹಿ ಹಾಕಿಸಿಕೊಂಡಳು. ‘ಓಟಿಪಿ ಕೊಟ್ಟಿರ್ತಾರೆ’ ಎಂದು ಮ್ಯಾನೇಜರ್ ರಾಗ ಎಳೆದಾಗ, ತಪ್ಪು ಗ್ರಾಹಕರದೇ ಎಂದು ಸಾಬೀತು ಮಾಡುವ ಹೊಣೆ ಬ್ಯಾಂಕಿನದು ಎಂದು ಅದೇ ಸುತ್ತೋಲೆಯ ಮಾತು ಹೇಳಿದಳು. ದೂರು ಕೊಟ್ಟ ಹತ್ತು ಕೆಲಸದ ದಿನಗಳೊಳಗೆ ಆ ಮೊತ್ತವನ್ನು ಖಾತೆಗೆ ತಾತ್ಕಾಲಿಕವಾಗಿ ಜಮಾ ಮಾಡಬೇಕು, 90 ದಿನಗಳೊಳಗೆ ಇತ್ಯರ್ಥ ಮಾಡಬೇಕು ಎಂಬುದೂ ಅದರಲ್ಲೇ ಇದೆ. 30 ದಿನವಾದರೂ ಬ್ಯಾಂಕು ತುಟಿ ಬಿಚ್ಚದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ಮ್ಯಾನೇಜರ್ ಕನ್ನಡಕ ಒರೆಸಿಕೊಂಡರು. ಗೊತ್ತಪ್ಪನವರು ಗೋಡೆಯ ಕ್ಯಾಲೆಂಡರ್ ನೋಡಿದರು.

ಅಜ್ಜಿಯ ಬೆರಳಚ್ಚಿಗೂ ಆಧಾರ್ ಆಪ್‌ನಲ್ಲಿ ಬೀಗ ಬಿತ್ತು. ಬೀಗ ಬಿದ್ದರೆ ರೇಷನ್ ಅಂಗಡಿಯ ಯಂತ್ರಕ್ಕೂ ಬೆರಳು ಹಿಡಿಸದು. ಅಕ್ಕಿ ತರುವ ದಿನ ತೆಗೆಸಬೇಕು. ‘ನೋಡ್ದಾ, ಅದಕ್ಕೇ ನಾನು ಬೇಡ ಅಂದಿದ್ದು’ ಎಂದರು ಗೊತ್ತಪ್ಪನವರು, ಬೇಡ ಎಂದು ಯಾವತ್ತೂ ಅಂದಿರದ ಗೊತ್ತಪ್ಪನವರು.

ದುಡ್ಡು ಖಾತೆಗೆ ಬಂದ ದಿನ ಟೀ ಅಂಗಡಿಯಲ್ಲಿ ಮಾತು ಬದಲಾಗಿತ್ತು. ‘ಆರ್‌ಬಿಐನಲ್ಲಿ ನಮ್ಮ ಹುಡುಗ ಒಬ್ಬ ಇದಾನೆ. ಒಂದು ಮಾತು ಹಾಕ್ದೆ.’

ಅದೇ ಸಂಜೆ ಅವರ ಎರಡನೇ ಫೋನಿಗೆ ವಾಟ್ಸಾಪ್‌ನಲ್ಲಿ ಪಿಎಂ ಕಿಸಾನ್ ಹೆಸರಿನ ಎಪಿಕೆ ಫೈಲೊಂದು ಬಂತು. ಕಂತು ಬಂದಿದೆಯೋ ನೋಡೋಣವೆಂದು ಒತ್ತಿದರು. ಫೋನು ಪರರ ವಶವಾಗಿ, ಓಟಿಪಿಗಳು ಕಳ್ಳನಿಗೇ ಹೋಗಿ, ನೋಡುನೋಡುತ್ತಿದ್ದಂತೆ ಖಾತೆಯಿಂದ 18,000 ಮಾಯ. ಆಗ ಟೀ ಇಲ್ಲ, ಪಿಎ ಇಲ್ಲ, ಚಿಂತಾಮಣಿಯ ರಿಟೈರ್ಡ್ ಮಿತ್ರರೂ ಇಲ್ಲ. ಗೊತ್ತಪ್ಪನವರು ಮಂಡಿಯ ಹಿಂದೆ, ಕ್ರೇಟುಗಳ ಮರೆಗೆ ಹೋಗಿ, ಮೊದಲನೇ ಫೋನಿನಿಂದ ತಗ್ಗಿದ ದನಿಯಲ್ಲಿ 1930ಕ್ಕೆ 12 ಅಂಕಿಗಳನ್ನು ಒಂದೊಂದಾಗಿ ಓದಿಹೇಳಿದರು. ಕಸುಬು ಕೇಳಿದ್ದಕ್ಕೆ ‘ಕೃಷಿ’ ಎಂದರು. ಬೇಗ ತಿಳಿಸಿದ್ದರಿಂದ ಅದರಲ್ಲಿ ಒಂದಷ್ಟು ಮೊತ್ತವನ್ನು ಇನ್ಯಾವುದೋ ಬ್ಯಾಂಕಿನಲ್ಲಿ ತಡೆಹಿಡಿದಿದ್ದಾರೆ ಎಂಬ ಸುದ್ದಿ ಬಂತು. ಊರಿನಲ್ಲಿ ಈ ವಿಷಯ ಯಾರಿಗೂ ಗೊತ್ತಿಲ್ಲ.

ಆ ಸಂಖ್ಯೆಯನ್ನು ಅವರು ಫೋನಿನಲ್ಲಿ ‘ಸೈಬರ್ ನಮ್ಮೋರು’ ಎಂದು ಸೇವ್ ಮಾಡಿಕೊಂಡಿದ್ದಾರೆ. ಈಗ ಯಾರಾದರೂ ದುಡ್ಡು ಹೋಯಿತೆಂದು ಓಡಿಬಂದರೆ ತಡಮಾಡುವುದಿಲ್ಲ, ನಂಬರು ಬರೆದುಕೊಟ್ಟು ಬೆನ್ನು ತಟ್ಟಿ ಕಳಿಸುತ್ತಾರೆ: ‘ಈಗಿಂದೀಗ್ಲೇ ಫೋನ್ ಹಾಕು. ಎತ್ತಿದ ತಕ್ಷಣ ನನ್ನ ಹೆಸರು ಹೇಳು, ಕೆಲಸ ಆಗುತ್ತೆ.’