ಓದಲಿಕ್ಕೆಂದು ಕೊಡಿಸಿದ ಮೊಬೈಲು

ವಿದ್ಯಾರ್ಥಿಯ ಮೊಬೈಲು ಎಂದರೆ ಓದಲಿಕ್ಕೆಂದು ಕೊಡಿಸಿದ ಮೊಬೈಲು. ಬಿಚ್ಚಿ ನೋಡಿದರೆ ಅಂಗಡಿಯ ಉಳಿದ ಮೊಬೈಲುಗಳಿಗೂ ಇದಕ್ಕೂ ಯಾವ ವ್ಯತ್ಯಾಸವೂ ಕಾಣದು. ವ್ಯತ್ಯಾಸ ಇರುವುದು ಕೊಳ್ಳುವ ಮೊದಲು ಮನೆಯಲ್ಲಿ ನಡೆದ ಮಾತುಕತೆಯಲ್ಲಿ. ಅಪ್ಪ ವ್ಯವಹಾರಕ್ಕೆಂದು ಕೊಂಡಿರುತ್ತಾನೆ, ಅಮ್ಮ ತವರಿನವರ ಹತ್ತಿರ ಮಾತಾಡಲೆಂದು. ಮಕ್ಕಳದ್ದು ಮಾತ್ರ ಓದಿಗೆ. ಈ ಕಾರಣ ಒಂದನ್ನು ಬಾಯಿಬಿಟ್ಟು ಹೇಳದೆ ಪಿಯುಸಿ ಹುಡುಗನೊಬ್ಬನ ಕೈಗೆ ಮೊಬೈಲು ಬಂದದ್ದು ಅಪರೂಪ.

ಭಾರತದ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು, ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರಿಂದ ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖ್ ರಾಮ್ ಅವರಿಗೆ. ಮಾಡಿದ ಕರೆಗೂ ದುಡ್ಡು, ಬಂದ ಕರೆಗೂ ದುಡ್ಡು ಎಂಬ ಕಾಲ ಅದು; ವಿದ್ಯಾರ್ಥಿಗೂ ಈ ಯಂತ್ರಕ್ಕೂ ಸಂಬಂಧವೇ ಇರಲಿಲ್ಲ. ಹಾಸ್ಟೆಲಿನ ಹುಡುಗ ಒಂದು ರೂಪಾಯಿ ನಾಣ್ಯ ಹಿಡಿದು ಕಾಯಿನ್ ಬೂತಿನ ಮುಂದೆ ಸರದಿ ನಿಲ್ಲುತ್ತಿದ್ದ. ಕೀಪ್ಯಾಡ್ ಮೊಬೈಲು ಬಂದ ಮೇಲೆ ಮಿಸ್ಡ್ ಕಾಲ್ ಎಂಬ ಭಾಷೆ ಹುಟ್ಟಿತು. ಒಂದು ಸಲ ಕೊಟ್ಟರೆ ಬಸ್ಸು ಹತ್ತಿದ್ದೇನೆ ಎಂದು, ಎರಡು ಸಲ ಕೊಟ್ಟರೆ ದುಡ್ಡು ಮುಗಿದಿದೆ ಎಂದು ಅರ್ಥ. ಇಷ್ಟು ಮಿತವ್ಯಯದ ಭಾಷೆ ಕನ್ನಡದಲ್ಲಿ ಮತ್ತೆ ಹುಟ್ಟಿಲ್ಲ. ಅದನ್ನು ಅಳಿಸಿದ್ದು ಜಿಯೋ. ಅದು ಸೇವೆ ಆರಂಭಿಸಿ ಮೊದಮೊದಲು ಡೇಟಾವನ್ನು ಪುಕ್ಕಟೆ ಹಂಚಿದ್ದು 2016ರ ಸೆಪ್ಟೆಂಬರ್ 5ರಿಂದ. ಆ ದಿನ ಶಿಕ್ಷಕರ ದಿನಾಚರಣೆಯೂ ಆಗಿತ್ತು ಎಂಬುದನ್ನು ಶಿಕ್ಷಕರು ಆಗ ಅಷ್ಟಾಗಿ ಗಮನಿಸಲಿಲ್ಲ.

ದಿನಕ್ಕೆ ಒಂದೂವರೆ ಜಿಬಿ ಎಂಬ ಲೆಕ್ಕ ಮನೆಗಳಿಗೆ ಬಂದದ್ದು ಆಮೇಲೆ. ಉಳಿದ ಡೇಟಾ ನಾಳೆಗೆ ಸಿಗುವುದಿಲ್ಲ, ಮಧ್ಯರಾತ್ರಿಗೆ ಕರಗಿಹೋಗುತ್ತದೆ. ಎಲೆಯ ಮೇಲೆ ಒಂದಗುಳು ಅನ್ನ ಬಿಡಬಾರದು ಎಂದು ಹೇಳಿಸಿಕೊಂಡು ಬೆಳೆದ ಮಕ್ಕಳು ಇದನ್ನು ಹೇಗೆ ಸಹಿಸಿಯಾರು? ರಾತ್ರಿ ಹನ್ನೊಂದೂವರೆಗೆ ಇನ್ನೂ ಅರ್ಧ ಜಿಬಿ ಉಳಿದಿದೆ ಎಂದು ಗೊತ್ತಾದಾಗ, ಬಡಿಸಿದ್ದನ್ನು ಮುಗಿಸುವ ಶ್ರದ್ಧೆಯಿಂದಲೇ ಕುಳಿತು ಖಾಲಿ ಮಾಡುತ್ತಾರೆ. ಬೆಳಿಗ್ಗೆ ಮೊದಲ ಪೀರಿಯಡ್ಡಿನಲ್ಲಿ ಬರುವ ಆಕಳಿಕೆಯ ಮೂಲ ಈ ಸಂಸ್ಕಾರದಲ್ಲಿದೆ.

ಇಷ್ಟಾದರೂ 2020ರವರೆಗೆ ಮೊಬೈಲಿಗೆ ಶಾಲೆಯಲ್ಲಿ ಕಳ್ಳನ ಸ್ಥಾನವೇ ಇತ್ತು. ಬ್ಯಾಗು ತಪಾಸಣೆಯಲ್ಲಿ ಸಿಕ್ಕರೆ ಹೆಡ್‌ಮಾಸ್ಟರ ಮೇಜಿನ ಡ್ರಾಯರು ಸೇರುತ್ತಿತ್ತು, ಬಿಡಿಸಿಕೊಳ್ಳಲು ಅಪ್ಪ ಬರಬೇಕಾಗಿತ್ತು. ಆ ವರ್ಷ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ಕೆಲವೇ ತಿಂಗಳಲ್ಲಿ ಅದೇ ಹೆಡ್‌ಮಾಸ್ಟರು ಮನೆಮನೆಗೆ ಫೋನು ಮಾಡಿ, ಮಗುವಿಗೆ ಒಂದು ಸ್ಮಾರ್ಟ್‌ಫೋನ್ ವ್ಯವಸ್ಥೆ ಮಾಡಿ ಎಂದು ಕೇಳಿಕೊಳ್ಳುವಂತಾಯಿತು. ಮುಟ್ಟುಗೋಲಾದ ಮಾಲಿಗೆ ಇಷ್ಟು ಬೇಗ ಸನ್ಮಾನ ಸಿಕ್ಕಿದ್ದು ಶಿಕ್ಷಣದ ಚರಿತ್ರೆಯಲ್ಲಿ ಬೇರೆಲ್ಲೂ ಕಾಣಸಿಗದು. ಜೂಮ್‌ನ ಪುಕ್ಕಟೆ ಸಭೆಗೆ ನಲವತ್ತು ನಿಮಿಷದ ಮಿತಿ. ಶಾಲೆಯ ಪೀರಿಯಡ್ಡೂ ಹೆಚ್ಚುಕಡಿಮೆ ಅಷ್ಟೇ. ಹೀಗಾಗಿ ಗಂಟೆ ಹೊಡೆಯುವ ಜವಾನನ ಕೆಲಸವನ್ನು ಅಮೆರಿಕದ ಕಂಪನಿಯೊಂದು ಸಂಬಳವಿಲ್ಲದೆ ಮಾಡಿತು. ಪಾಠ ಮುಗಿಯುವ ಹೊತ್ತಿಗೆ ಹಿಂದಿನ ಬೆಂಚಿನಿಂದ, ಅಂದರೆ ಪರದೆಯ ಮೂಲೆಯ ಒಂದು ಕಪ್ಪು ಚೌಕದಿಂದ, "ಸರ್, ನೀವು ಮ್ಯೂಟ್ ಆಗಿದ್ದೀರಿ" ಎಂಬ ದನಿ ಬರುತ್ತಿತ್ತು. ಇದನ್ನು ಮೊದಲ ನಿಮಿಷದಲ್ಲೇ ಏಕೆ ಹೇಳಲಿಲ್ಲ ಎಂದು ಕೇಳಿದ ಮೇಷ್ಟರಿಗೆ ವಿದ್ಯಾರ್ಥಿಯ ಸ್ವಭಾವ ಗೊತ್ತಿಲ್ಲ ಎಂದೇ ಅರ್ಥ.

ಮಲೆನಾಡು ಮತ್ತು ಕರಾವಳಿಯ ಒಳಹಳ್ಳಿಗಳಲ್ಲಿ ನಗುವುದಕ್ಕೆ ಅಷ್ಟು ಪುರುಸೊತ್ತಿರಲಿಲ್ಲ. ನೆಟ್‌ವರ್ಕ್ ಸಿಗುವುದು ಗುಡ್ಡದ ತಲೆಯಲ್ಲಿ. ಮಕ್ಕಳು ಮಣೆ, ಚಾಪೆ, ನೀರಿನ ಬಾಟಲಿ ಹೊತ್ತು ಗುಡ್ಡ ಹತ್ತಿದರು. ಕೆಲವೆಡೆ ಅಲ್ಲೇ ಟಾರ್ಪಾಲು ಕಟ್ಟಿ ಚಪ್ಪರ ಹಾಕಿಕೊಂಡರು. ಸುಳ್ಯ ತಾಲ್ಲೂಕಿನಲ್ಲಿ 2021ರ ಮಳೆಗಾಲದಲ್ಲಿ ತೆಗೆದ ಒಂದು ಫೋಟೊ ನಾಡೆಲ್ಲ ಓಡಾಡಿತು: ರಸ್ತೆಯ ಬದಿಯಲ್ಲಿ ಕುಳಿತು ಮಗಳು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದಾಳೆ, ತಂದೆ ಅವಳ ತಲೆಯ ಮೇಲೆ ಕೊಡೆ ಹಿಡಿದು ನಿಂತಿದ್ದಾರೆ. ಓದಲಿಕ್ಕೆಂದು ಕೊಡಿಸಿದ ಮೊಬೈಲು ಎಂಬ ಮಾತು ಅಕ್ಷರಶಃ ನಿಜವಾದ ಸಂದರ್ಭಗಳ ಪಟ್ಟಿಯಲ್ಲಿ ಆ ಫೋಟೊಗೆ ಮೊದಲ ಜಾಗ ಸಲ್ಲಬೇಕು.

ಶಾಲೆ ಮತ್ತೆ ತೆರೆಯಿತು, ಮೊಬೈಲು ಮಾತ್ರ ಹಿಂದಿರುಗಲಿಲ್ಲ. ಈಗ ಪ್ರತಿ ತರಗತಿಗೂ ಎರಡು ವಾಟ್ಸ್ಆ್ಯಪ್ ಗ್ರೂಪುಗಳಿರುತ್ತವೆ, ಮೇಷ್ಟರು ಇರುವುದೊಂದು, ಇಲ್ಲದ್ದೊಂದು. ಮೊದಲನೆಯದರಲ್ಲಿ ಮೇಷ್ಟರು "ನಾಳೆ ಇಂಟರ್ನಲ್ಸ್" ಎಂದು ಹಾಕುತ್ತಾರೆ. ಅದರ ಕೆಳಗೆ ಅರವತ್ತು ಮಂದಿ ಸಾಲಾಗಿ "ಓಕೆ ಸರ್" ಎನ್ನುತ್ತಾರೆ. ಆ ಅರವತ್ತು ಓಕೆಗಳ ಅಡಿಯಲ್ಲಿ ಮೂಲ ಸಂದೇಶ ಹೂತುಹೋಗಿ, ಓಕೆ ಎಂದವನೇ ಎರಡನೆಯ ಗ್ರೂಪಿಗೆ ಹೋಗಿ "ಸರ್ ಏನೋ ಹಾಕಿದ್ರಲ್ಲ, ಏನದು?" ಎಂದು ವಿಚಾರಿಸುತ್ತಾನೆ. ಎರಡನೆಯ ಗ್ರೂಪಿಗೆ ಸೇರಬೇಕಾದದ್ದು ಮೊದಲನೆಯದಕ್ಕೆ ಹೋಗುವ ದುರಂತಕ್ಕೆ 2017ರಲ್ಲಿ ಪರಿಹಾರ ಬಂತು. ಕಳಿಸಿದ್ದನ್ನು ಎಲ್ಲರ ಫೋನಿನಿಂದಲೂ ಅಳಿಸಬಹುದು, ಆದರೆ ಆಗ ಕೊಟ್ಟ ಅವಧಿ ಏಳು ನಿಮಿಷ. ಮೇಷ್ಟರು ಎಂಟನೆಯ ನಿಮಿಷಕ್ಕೆ ನೋಡಲಿ ಎಂದು ಹರಕೆ ಹೊತ್ತವರುಂಟು. 2014ರಲ್ಲಿ ಬಂದ ನೀಲಿ ಟಿಕ್ "ನೋಡಿಲ್ಲ ಸರ್" ಎಂಬ ಹಳೆಯ ನೆಪವನ್ನು ಕೊಂದಿತು. ಅದನ್ನು ಆಫ್ ಮಾಡಿಕೊಳ್ಳುವ ಸೌಲಭ್ಯ ಇದೆ ಎಂದು ಹಿಗ್ಗಿದವರಿಗೆ, ಗ್ರೂಪುಗಳಲ್ಲಿ ಅದು ನಡೆಯುವುದಿಲ್ಲ ಎಂದು ತಿಳಿಯುವಷ್ಟರಲ್ಲಿ ಒಂದು ಸೆಮಿಸ್ಟರ್ ಕಳೆದಿರುತ್ತದೆ.

ಈ ಗ್ರೂಪುಗಳ ಕನ್ನಡ ಬಹುಪಾಲು ಇಂಗ್ಲಿಷ್ ಲಿಪಿಯಲ್ಲಿರುತ್ತದೆ. ಫೋನಿನಲ್ಲಿ ಕನ್ನಡದ ಕೀಲಿಮಣೆ ಇದೆ, ಹುಡುಕುವ ತಾಳ್ಮೆ ಇಲ್ಲ. ಬಿ, ಎ, ಎಲ್, ಇ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳಲ್ಲಿ ಬಳೆ, ಬಾಳೆ, ಬಲೆ, ಬಾಲೆ ನಾಲ್ಕೂ ಒಟ್ಟಿಗೆ ವಾಸವಾಗಿವೆ. ಪೇಟೆಗೆ ಹೋದ ತಮ್ಮನಿಗೆ ಅಕ್ಕ ಬಳೆ ತಾ ಎಂದು ಬರೆದು, ಅವನು ಒಂದು ಚಿಪ್ಪು ಬಾಳೆಹಣ್ಣು ತಂದರೆ ತಪ್ಪು ಯಾರದ್ದೂ ಅಲ್ಲ. ಲ ಮತ್ತು ಳ ನಡುವಿನ ವ್ಯತ್ಯಾಸ ಹೇಳಿಕೊಡಲು ಕನ್ನಡ ಪಂಡಿತರು ನೂರು ವರ್ಷ ಹೆಣಗಿದ್ದನ್ನು ಒಂದು ತಲೆಮಾರಿನ ಹೆಬ್ಬೆರಳುಗಳು ಹತ್ತೇ ವರ್ಷದಲ್ಲಿ ಇತ್ಯರ್ಥ ಮಾಡಿವೆ.

ಹೀಗೆಂದು ವಿದ್ಯಾರ್ಥಿಗಳು ಏನನ್ನೂ ಗಮನವಿಟ್ಟು ಓದುವುದಿಲ್ಲ ಎನ್ನುವುದು ಅನ್ಯಾಯ. ಜೂನ್-ಜುಲೈ ತಿಂಗಳಲ್ಲಿ ದಕ್ಷಿಣ ಕನ್ನಡ, ಉಡುಪಿ, ಕೊಡಗಿನ ಕಡೆ ಮಳೆ ಜೋರಾದಾಗ ಜಿಲ್ಲಾಧಿಕಾರಿಗಳು ಹೊರಡಿಸುವ ರಜೆಯ ಆದೇಶವನ್ನು ಅವರು ಕಡತ ಸಂಖ್ಯೆಯಿಂದ ಸಹಿಯವರೆಗೆ ಬಿಡದೆ ಓದುತ್ತಾರೆ. ಬೇರೆ ಯಾವ ಗದ್ಯಭಾಗಕ್ಕೂ ಈ ಭಾಗ್ಯವಿಲ್ಲ. ಓದಲು ಕಾರಣವೂ ಇದೆ: ಕಳೆದ ವರ್ಷದ ಆದೇಶಕ್ಕೆ ಈ ವರ್ಷದ ತಾರೀಕು ಅಂಟಿಸಿ ಹರಿಯಬಿಡುವ ಕಲಾವಿದರು ಇವರ ನಡುವೆಯೇ ಇದ್ದಾರೆ. ತಾರೀಕಿನ ಅಕ್ಷರ ಉಳಿದದ್ದಕ್ಕಿಂತ ಕೊಂಚ ದಪ್ಪಗಿದೆಯೇ, ಬರೆದ ವಾರಕ್ಕೂ ತಾರೀಕಿಗೂ ತಾಳೆಯಾಗುತ್ತದೆಯೇ ಎಂದು ಹತ್ತನೆಯ ತರಗತಿಯ ಹುಡುಗ ನಡೆಸುವ ಪಠ್ಯಸಂಶೋಧನೆ ಹಳಗನ್ನಡದ ಹಸ್ತಪ್ರತಿಗಳಿಗೂ ಸಿಕ್ಕಿದ್ದರೆ ಚೆನ್ನಾಗಿತ್ತು. ಸುಳ್ಳು ಆದೇಶ ಹಬ್ಬಿಸಿದವರ ಮೇಲೆ ಪೊಲೀಸ್ ದೂರು ಕೊಡುತ್ತೇವೆ ಎಂದು ಜಿಲ್ಲಾಡಳಿತಗಳು ಎಚ್ಚರಿಸಬೇಕಾಗಿ ಬಂದಿದೆ. ರಾತ್ರಿ ಎಂಟರಿಂದ ಜಿಲ್ಲಾಧಿಕಾರಿಗಳ ಖಾತೆಯ ಅಡಿಯಲ್ಲಿ "ಸರ್ ರಜೆ ಕೊಡಿ, ನಮ್ಮ ತೋಡು ತುಂಬಿದೆ" ಎಂಬ ಮನವಿಗಳು ಶುರುವಾಗುತ್ತವೆ. ಆದೇಶ ನಿಜವೇ ಆದರೂ ಅದರಲ್ಲಿ "ಪದವಿಪೂರ್ವ ಕಾಲೇಜುಗಳವರೆಗೆ" ಎಂದಿದ್ದರೆ ಡಿಗ್ರಿಯವರ ಗ್ರೂಪಿನಲ್ಲಿ ದುಃಖ. ಡಿಗ್ರಿ ಸೇರಿದವರ ಮೇಲೆ ಮಳೆ ಬೀಳುವುದಿಲ್ಲ ಎಂದು ಸರ್ಕಾರ ನಂಬಿರುವುದಕ್ಕೆ ಆಧಾರವೇನು ಎಂದು ಅವರು ಕೇಳುವುದರಲ್ಲಿ ಹುರುಳಿದೆ.

ಪಠ್ಯಪುಸ್ತಕಕ್ಕೂ ರೀಲ್ಸಿಗೂ ಇರುವ ಮುಖ್ಯ ಭೇದ ಕೊನೆಯ ಪುಟದ್ದು. ವಿದ್ಯಾರ್ಥಿ ಯಾವ ಪಾಠವನ್ನು ತೆರೆದರೂ ಮೊದಲು ಮಗುಚಿ ನೋಡುವುದು ಅದು ಎಲ್ಲಿ ಮುಗಿಯುತ್ತದೆ ಎಂದು. ಮೊಬೈಲಿನ ಪರದೆಗೆ ಮುಗಿಯುವ ಜಾಗವೇ ಇಲ್ಲ. ಬೆರಳು ಎಳೆದಷ್ಟೂ ಹೊಸದು ಬರುತ್ತಲೇ ಇರುವ ಈ ಏರ್ಪಾಟನ್ನು 2006ರಲ್ಲಿ ರೂಪಿಸಿದ ಅಜಾ ರಾಸ್ಕಿನ್, ತಾನು ಮಾಡಿದ್ದಕ್ಕೆ ಆಮೇಲೆ ಬಹಿರಂಗವಾಗಿಯೇ ಪಶ್ಚಾತ್ತಾಪ ಪಟ್ಟಿದ್ದಾರೆ. ಅವರು ಪಶ್ಚಾತ್ತಾಪ ಪಟ್ಟ ವಿಡಿಯೊ ಕೂಡ ಅದೇ ರೀತಿ ಬೆರಳಿನಡಿ ಬಂದು ಹೋಗುತ್ತದೆ. ಸ್ನ್ಯಾಪ್‌ಚಾಟಿನ ಸ್ಟ್ರೀಕ್ ಇನ್ನೊಂದು ಬಗೆಯದು. ಇಬ್ಬರು ಗೆಳೆಯರು ದಿನ ತಪ್ಪದೆ ಪರಸ್ಪರ ಫೋಟೊ ಕಳಿಸಿಕೊಂಡರೆ ಮಾತ್ರ ಅದರ ಅಂಕಿ ಏರುತ್ತದೆ, ಒಂದು ದಿನ ತಪ್ಪಿದರೆ ಸೊನ್ನೆ. ಕಳಿಸಲು ಏನೂ ಇಲ್ಲದಾಗ ಮೇಲಿನ ಫ್ಯಾನಿನ ಫೋಟೊ ಹೋಗುತ್ತದೆ. ತರಗತಿಯಲ್ಲಿ ಶೇಕಡಾ 75 ಹಾಜರಾತಿಗೆ ತಿಣುಕಿ, ಡಾಕ್ಟರ ಸರ್ಟಿಫಿಕೇಟು ಹುಡುಕುವ ವಿದ್ಯಾರ್ಥಿ ಇಲ್ಲಿ ಶೇಕಡಾ ನೂರು. ಪರೀಕ್ಷೆಯ ವಾರ ಬಂದರೆ ಪಾಸ್‌ವರ್ಡನ್ನು ತಂಗಿಗೆ ಕೊಟ್ಟು ಪ್ರಾಕ್ಸಿ ಹಾಕಿಸುತ್ತಾನೆ.

ಹೋಮ್‌ವರ್ಕಿನ ವಿಚಾರ ಹೆಚ್ಚು ಬದಲಾಗಿಲ್ಲ. ಹಿಂದೆ ಇಡೀ ತರಗತಿ ಒಬ್ಬಳ ಪ್ರಾಕ್ಟಿಕಲ್ ರೆಕಾರ್ಡ್ ನೋಡಿ, ಅವಳ ತಪ್ಪುಗಳ ಸಮೇತ ನಕಲು ಮಾಡುತ್ತಿತ್ತು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಆ ಹುಡುಗಿಗೆ ಬಿಡುವು ಸಿಕ್ಕಿದೆ. "ಮೊಬೈಲಿನ ದುಷ್ಪರಿಣಾಮಗಳು" ಎಂಬ ಪ್ರಬಂಧವನ್ನು ಮೊಬೈಲಿನಲ್ಲೇ ಬರೆಸಿ, "ಖಂಡಿತ, ನೀವು ಕೇಳಿದ ಪ್ರಬಂಧ ಇಲ್ಲಿದೆ" ಎಂಬ ಮೊದಲ ಸಾಲನ್ನೂ ಸೇರಿಸಿ ಮುತ್ತಿನಂಥ ಅಕ್ಷರದಲ್ಲಿ ಇಳಿಸಿಕೊಟ್ಟ ಪುಸ್ತಕಗಳಿಗೆ ಮೇಷ್ಟರು ಕೆಂಪು ಶಾಯಿಯಲ್ಲಿ "ಉತ್ತಮ" ಎಂದು ಬರೆದದ್ದೂ ಉಂಟು. ಅವರೂ ಆ ಹೊತ್ತಿಗೆ ಸ್ಟೇಟಸ್ ನೋಡುತ್ತಿದ್ದಿರಬೇಕು.

ಫಲಿತಾಂಶದ ದಿನ ಮೊಬೈಲು ಪಕ್ಷ ಬದಲಿಸುತ್ತದೆ. ಜಾಲತಾಣದ ಚಕ್ರ ಒಂದೇ ಸಮ ತಿರುಗುತ್ತಿರುವಾಗ ಪಕ್ಕದ ಮನೆಯವರಿಗೆ ಅದು ತೆರೆದುಕೊಂಡು, ಅಂಕಪಟ್ಟಿಯ ಸ್ಕ್ರೀನ್‌ಶಾಟ್ ಕುಟುಂಬದ ಗ್ರೂಪಿಗೆ ಬಂದಿರುತ್ತದೆ. ಅಂಕ ಕಡಿಮೆ ಬಿದ್ದರೆ ತೀರ್ಪು ಒಂದೇ: ಎಲ್ಲದಕ್ಕೂ ಆ ಮೊಬೈಲೇ ಕಾರಣ. ಅಮ್ಮ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ಸೆರಗಿಗೆ ಕಟ್ಟಿಕೊಳ್ಳುತ್ತಾಳೆ. ವಾರ ಕಳೆಯುವಷ್ಟರಲ್ಲಿ ಕಾಲೇಜಿನ ಪ್ರವೇಶಕ್ಕೆ ಆನ್‌ಲೈನ್ ಅರ್ಜಿ ತುಂಬುವ ದಿನ ಬರುತ್ತದೆ. ಅರ್ಜಿಗೆ ಒಟಿಪಿ ಬೇಕು. ಒಟಿಪಿ ಬರುವುದು ಬೀರುವಿನೊಳಗಿನ ನಂಬರಿಗೆ.